ಕಿಟಕಿಯಾಚೆಯ ನಾಲಿಗೆ

ಎಲಾದಿಯಾ ಸತ್ತ ಒಂಬತ್ತನೆಯ ದಿನ, ನೆಲದ ಮೇಲೆ ಸುಣ್ಣದಲ್ಲಿ ಬರೆದ ಶಿಲುಬೆಯನ್ನು ಬಳಿದೆತ್ತುವ ಮೊದಲು, ಪ್ರಾರ್ಥನೆ ಹೇಳಿಸುವ ಹೆಂಗಸು ಸತ್ತವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಬೇಕಿತ್ತು. ಅವಳಿಗೆ ಸಿಕ್ಕಿದ್ದು ಎರಡೇ. ಎಲಾದಿಯಾ ಕಾಳು ತುಂಬಿದ ಮೆಕ್ಕೆಜೋಳದ ರೊಟ್ಟಿ ಚೆನ್ನಾಗಿ ತಟ್ಟುತ್ತಿದ್ದಳು, ಯಾರ ತಂಟೆಗೂ ಹೋಗುತ್ತಿರಲಿಲ್ಲ. ಅಲ್ಲಿಗೆ ಅರವತ್ತೊಂಬತ್ತು ವರ್ಷದ ಬದುಕು ಮುಗಿಯಿತು. ಸೇರಿದ್ದ ಹದಿಮೂರು ಜನ ಆಮೆನ್ ಅಂದು ಕಾಫಿ ಕುಡಿದರು. ನಾನೂ ಕುಡಿದೆ. ಬಾಯಿ ಬಿಡಬೇಕಾದಾಗೆಲ್ಲ ಅದರೊಳಗೆ ಏನಾದರೂ ಹೊಯ್ದುಕೊಂಡು ಸುಮ್ಮನಾಗುವುದು ನನ್ನ ಹಳೆಯ ಚಾಳಿ.

ನಾನು ಫಿದೆನ್ಸಿಯೋ. ತೆಪೊಸಾನ್ ಊರಿನವನು. ನಲವತ್ತು ವರ್ಷ ಕತ್ತಾಳೆ ಗಿಡಗಳ ಹೊಟ್ಟೆ ಕೆರೆದು, ಉದ್ದನೆಯ ಸೋರೆಬುರುಡೆಯಿಂದ ಅದರ ಜೇನುನೀರು ಹೀರಿ, ಕತ್ತೆಯ ಮೇಲೆ ಹೇರಿ ನಾಬೋರ್ ಯಜಮಾನರ ಪುಲ್ಕೆಮನೆಗೆ ತಂದು ಸುರಿದೆ. ಆ ನೀರು ಹುಳಿತು ಆಗುವ ಹೆಂಡವೇ ಪುಲ್ಕೆ. ನಮ್ಮ ತ್ಲಾಸ್ಕಾಲ ಸೀಮೆಯಲ್ಲಿ ಪುಲ್ಕೆಮನೆ ಎಂದರೆ ಇಗರ್ಜಿಗೆ ಒಂದು ಮೆಟ್ಟಿಲು ಕೆಳಗೆ, ಅಷ್ಟೆ. ಒಳಗೆ ಕಾಲಿಡುವ ಗಂಡಸು ಟೋಪಿ ತೆಗೆಯಬೇಕು. ಎತ್ತಿನ ತೊಗಲಿನ ತೊಟ್ಟಿಗಳಿಗೆ ಜೇನುನೀರು ಹೊಯ್ಯುವಾಗ ದೇವರ ಸ್ತುತಿ ಹಾಡಬೇಕು. ಹೆಂಗಸು ಹೊಸ್ತಿಲು ದಾಟಬಾರದು. ದಾಟಿದರೆ ಪುಲ್ಕೆ ಹಾಲಿನಂತೆ ಒಡೆದುಹೋಗುತ್ತದೆ. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ನಮ್ಮಪ್ಪ ನಂಬಿದ್ದ, ನಾವೂ ನಂಬಿದೆವು.

ಜೇನುನೀರು ತಾನಾಗಿ ಪುಲ್ಕೆಯಾಗುವುದಿಲ್ಲ. ಅದಕ್ಕೆ ಹೆಪ್ಪು ಬೇಕು. ಮೂಲೆಯ ಗಡಿಗೆಯಲ್ಲಿ ಆ ಹೆಪ್ಪನ್ನು ಬೆಳೆಸಿ, ಹದ ಬಂದ ದಿನ ತೊಟ್ಟಿಗಳಿಗೆ ಹಂಚಬೇಕು. ಒಂದು ದಿನ ಮೊದಲಾದರೆ ಸಪ್ಪೆ, ಒಂದು ದಿನ ತಡವಾದರೆ ಲೋಳೆ. ಆ ದಿನ ಯಾವುದೆಂದು ಮೂಗು ಮತ್ತು ನಾಲಿಗೆ ಹೇಳಬೇಕು. ನಾಬೋರ್ ಯಜಮಾನರ ಮೂಗನ್ನು ಸುತ್ತಲ ಹತ್ತು ಹಳ್ಳಿ ಕೊಂಡಾಡುತ್ತಿತ್ತು. ಅವರ ಹೆಪ್ಪು ಅವರ ಮುತ್ತಜ್ಜನ ಕಾಲದ್ದು, ಒಮ್ಮೆಯೂ ಸತ್ತಿರಲಿಲ್ಲ. ಒಂದು ಚಳಿಗಾಲ ಯಜಮಾನರು ಮೂರು ವಾರ ಜ್ವರದಲ್ಲಿ ಮಲಗಿದರು. ಎದ್ದಾಗ ಮೂಗು ಸತ್ತಿತ್ತು, ಬಾಯಿಗೆ ಉಪ್ಪು ಯಾವುದು ಸಿಹಿ ಯಾವುದು ಎಂದೂ ತಿಳಿಯುತ್ತಿರಲಿಲ್ಲ. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಮಗ ಕ್ರಿಸ್ಪೀನನಿಗಂತೂ ಉಸಿರೇ ಬಿಡಲಿಲ್ಲ. ಹೇಳಿದ್ದು ಮಗಳು ಎಲಾದಿಯಾಳಿಗೆ ಮಾತ್ರ.

ನನಗೆ ಗೊತ್ತಾದದ್ದು ಕತ್ತೆಯ ದೆಸೆಯಿಂದ. ಒಂದು ಬೆಳಿಗ್ಗೆ ಅದು ಹಗ್ಗ ಬಿಚ್ಚಿಕೊಂಡು ಪುಲ್ಕೆಮನೆಯ ಹಿಂಭಾಗಕ್ಕೆ ಓಡಿತು. ಹಿಡಿಯಲು ಹೋದೆ. ಹಿತ್ತಲಿನ ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಮೊಳದಗಲದ ಕಿಟಕಿ. ಒಳಗಿನಿಂದ ಯಜಮಾನರ ಕೈ ಒಂದು ಬಟ್ಟಲು ಚಾಚಿತ್ತು. ಹೊರಗೆ ಎಲಾದಿಯಾ ನಿಂತಿದ್ದಳು. ಅವಳು ಮೂಸಿದಳು, ಒಂದು ಗುಟುಕು ಬಾಯಲ್ಲಿ ಹೊರಳಿಸಿ ಉಗಿದಳು, ಮತ್ತೊಂದು ಗುಟುಕು ನುಂಗಿದಳು.

"ಇವತ್ತು ಬೇಡಪ್ಪ. ಇನ್ನೂ ಎಳಸು. ನಾಳೆ ಹತ್ತು ಗಂಟೆ ಹೊತ್ತಿಗೆ ಹಾಕಿ" ಅಂದಳು. ತಿರುಗಿದಾಗ ನಾನು ಕಂಡೆ. ಅವಳ ಮುಖದಲ್ಲಿ ಗಾಬರಿಯ ಸುಳಿವೂ ಇರಲಿಲ್ಲ. "ನೋಡಿದ್ಯಲ್ಲ? ಹೇಳ್ಲೇಬೇಕು ಅನ್ನಿಸಿದ್ರೆ ನಿನ್ ಕತ್ತೆಗೆ ಹೇಳ್ಕೊ. ಅದಕ್ಕಾದ್ರೂ ಗುಟ್ಟು ಇಟ್ಕೊಳ್ಳೋಕೆ ಬರುತ್ತೆ. ಆಮೇಲೆ ಆ ಸೋರೆಬುರುಡೆ ತೊಳಿ. ನಿನ್ನೆ ನೀರಲ್ಲಿ ನಿನ್ನ ಚುಟ್ಟಾ ವಾಸನೆ ಇತ್ತು."

ಬುರುಡೆ ತೊಳೆದೆ. ಗುಟ್ಟನ್ನೂ ಇಟ್ಟುಕೊಂಡೆ. ಯಜಮಾನರು ಆ ದಿನದಿಂದ ನನಗೆ ಮೊದಲ ತೊಟ್ಟಿಯಿಂದಲೇ ಕುಡಿಯಲು ಕೊಡುತ್ತಿದ್ದರು. ಅದು ಲಂಚವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಹೀಗೆ ಹನ್ನೊಂದು ವರ್ಷ. ಬಿಸಿಲಿರಲಿ, ಮಲಿಂಚೆ ಬೆಟ್ಟದಿಂದ ಇಬ್ಬನಿಗಾಳಿ ಬೀಸಲಿ, ಅವಳು ಆ ಕಿಟಕಿಯಾಚೆ ನಿಂತಿರುತ್ತಿದ್ದಳು. ಒಳಗೆ ಹೆಸರು ಅಪ್ಪನದು. ಈ ನಡುವೆ ಅವಳನ್ನು ಕೇಳಿಕೊಂಡು ಎರಡು ಸಂಬಂಧ ಬಂದವು, ಎರಡನೆಯದು ಒಳ್ಳೆಯದೇ. ಬೇಕರಿ ಇಟ್ಟಿದ್ದ ವಿಧುರ, ಕುಡಿಯದವನು. ಅವಳು ಬೇಡ ಅಂದಳು. ಅವಳು ಹೋಗಿಬಿಟ್ಟರೆ ಬಟ್ಟಲನ್ನು ಯಾರಿಗೆ ಚಾಚುವುದು? ಮಗಳಿಗೆ ಮದುವೆ ಆಗಲೆಂದು ಯಜಮಾನರು ಒಂದು ಮಾತೂ ಒತ್ತಾಯಿಸಲಿಲ್ಲ. ಸತ್ತವರನ್ನು ಬೈಯಬಾರದು ಅನ್ನುತ್ತಾರೆ. ನಾನು ಬೈಯುತ್ತೇನೆ. ಹೂ ಬಿಡುವ ಮೊದಲೇ ಕತ್ತಾಳೆಯ ಮೊಗ್ಗು ಕಿತ್ತರೆ ತಾನೆ ನಮಗೆ ಜೇನುನೀರು? ಆ ಕೆಲಸ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಏಪ್ರಿಲ್ ತಿಂಗಳಲ್ಲಿ ಯಜಮಾನರು ತೀರಿಕೊಂಡರು. ನಮ್ಮಲ್ಲಿ ಪುಲ್ಕೆಮನೆಯ ಯಜಮಾನ ಸತ್ತರೆ ಶವದ ಪೆಟ್ಟಿಗೆಯನ್ನು ಒಮ್ಮೆ ತೊಟ್ಟಿಗಳ ಮುಂದೆ ಇಳಿಸಿ, ಸ್ತುತಿ ಹಾಡಿ, ಆಮೇಲೆ ಮಣ್ಣಿಗೆ ಒಯ್ಯುತ್ತೇವೆ. ಆವತ್ತು ನಾವು ಆರು ಜನ ಪೆಟ್ಟಿಗೆ ಹೊತ್ತು ಒಳಗೆ ಹೋದೆವು. ಎಲಾದಿಯಾ ಅಳುತ್ತಾ ಹಿಂದೆಯೇ ಬಂದಳು. ಹೊಸ್ತಿಲು ಎಲ್ಲಿ ಬಂತು ಎಂದು ಅವಳು ನೋಡಲಿಲ್ಲ. ಯಾರೋ ತೋಳು ಹಿಡಿದು ಹೊರಗೆ ಎಳೆದರು. ಆಗ ಅದು ದೊಡ್ಡ ಮಾತಾಗಲಿಲ್ಲ. ಅಪ್ಪನನ್ನು ಕಳೆದುಕೊಂಡವಳ ಮೇಲೆ ಆ ದಿನವೇ ರೇಗುವಷ್ಟು ಕೆಟ್ಟವರಲ್ಲ ನಾವು. ಅದಕ್ಕೆ ಹತ್ತು ದಿನ ಬೇಕಾಯಿತು.

ಪುಲ್ಕೆಮನೆ ಕ್ರಿಸ್ಪೀನನ ಕೈಗೆ ಬಂತು. ಮೇ ಮೂರಕ್ಕೆ ಶಿಲುಬೆ ಹಬ್ಬ. ಆ ದಿನ ಪುಲ್ಕೆಮನೆಗೆ ಪಾದ್ರಿಗಳು ಬರುತ್ತಾರೆ, ಊರೆಲ್ಲ ಅಂಗಳದಲ್ಲಿ ಸೇರುತ್ತದೆ. ಹೊಸ ಯಜಮಾನನಿಗೆ ಎಲ್ಲವೂ ಫಳಫಳ ಹೊಳೆಯಬೇಕು ಅನ್ನಿಸಿತು. ಪೇಟೆಯಿಂದ ಸೋಪಿನ ಪುಡಿ ತಂದು ತೊಗಲಿನ ತೊಟ್ಟಿಗಳನ್ನು ತಾನೇ ಉಜ್ಜಿದ. ನಾನು ಬಾಗಿಲಲ್ಲಿ ಪೀಪಾಯಿ ಇಳಿಸುತ್ತಿದ್ದೆ. ನೀಲಿ ಪೊಟ್ಟಣ ಕಂಡೆ, ನೊರೆ ಕಂಡೆ. ತೊಗಲು ಸೋಪು ಕುಡಿದರೆ ಬಿಡುವುದಿಲ್ಲ ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಹೊಸ ಹುಮ್ಮಸ್ಸಿನಲ್ಲಿ ಅದು ಅವನಿಗೆ ಮರೆತಿತ್ತು. ಎಲಾದಿಯಾ ಕಿಟಕಿಯಿಂದ ವಾಸನೆ ಹಿಡಿದು, ಹೆಪ್ಪು ಹಾಕಬೇಡ, ತೊಟ್ಟಿ ಬದಲಾಯಿಸು ಎಂದು ಕೂಗಿ ಹೇಳಿದಳಂತೆ. ಅವನು ಕಿಟಕಿಗೆ ಹಲಗೆ ಹೊಡೆದ.

ಮೂರೇ ದಿನಕ್ಕೆ ಆರು ತೊಟ್ಟಿಯ ಪುಲ್ಕೆಯೂ ಒಡೆಯಿತು. ಕೈ ಅದ್ದಿದರೆ ಮೂಗಿನ ಸಿಂಬಳದಂತೆ ಎಳೆ ಬರುತ್ತಿತ್ತು, ವಾಸನೆಗೆ ನೊಣವೂ ಹತ್ತಿರ ಸುಳಿಯುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕ್ರಿಸ್ಪೀನನಿಗೆ ನೆಲ ಹುಡುಕಬೇಕಾದ ಕಷ್ಟವೂ ಇರಲಿಲ್ಲ, ಅಕ್ಕ ಹೊಸ್ತಿಲು ದಾಟಿದ್ದನ್ನು ಆರು ಜನ ನೋಡಿದ್ದೆವು. ಅವನು ಹೇಳಿದ್ದು ಒಂದೇ ಮಾತು, ಅದೂ ಕ್ಷೌರದಂಗಡಿಯಲ್ಲಿ. ಅಷ್ಟು ಹೆಪ್ಪು ಸಾಕಾಯಿತು. ಸಂಜೆಯೊಳಗೆ ಊರು ನೊರೆಗಟ್ಟಿತು. ಅವಳಿಗೆ ಮದುವೆ ಯಾಕಾಗಲಿಲ್ಲ ಎಂಬುದಕ್ಕೆ ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಕಾರಣ ಹುಟ್ಟಿತು. ಜನ್ಮದಲ್ಲಿ ಯಾವುದಕ್ಕೂ ಅಭಿಪ್ರಾಯ ಹೇಳದ ಮಂದಿಯೆಲ್ಲ ಬೀದಿಗೆ ಬಂದು ಉಕ್ಕಿದರು. ಮನೆಯೊಳಗೆ ಮುಚ್ಚಿಟ್ಟ ಎಷ್ಟು ದಿನದ ಹುಳಿಯೋ ಅದು, ಎಲ್ಲ ಅವಳ ಮೇಲೆ ಬಿತ್ತು.

ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಊರು ಸೇರಿತು. ಎಲಾದಿಯಾ ನಡುವೆ ನಿಂತಿದ್ದಳು. ಕ್ರಿಸ್ಪೀನ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಅವನು ದುಃಖದಿಂದಲೇ ಮಾತಾಡಿದ.

"ನಾಲ್ಕು ಹೆಜ್ಜೆ. ನಾನೇ ಎಣಿಸಿದೀನಿ. ನಮ್ಮಪ್ಪ ಐವತ್ತು ವರ್ಷ ಕಾಪಾಡಿದ್ದು ನಾಲ್ಕು ಹೆಜ್ಜೇಲಿ ಹೋಯ್ತು. ಅಕ್ಕ ಅಂತ ಸುಮ್ನಿದ್ರೆ ನಾಳೆ ನಿಮ್ಮ ಮನೆ ಗಡಿಗೇನೂ ಒಡೆಯುತ್ತೆ."

ಎಲಾದಿಯಾ ಅಪ್ಪನ ಗುಟ್ಟನ್ನು ಅಲ್ಲಿಯವರೆಗೂ ಬಿಟ್ಟುಕೊಟ್ಟಿರಲಿಲ್ಲ. ಬೇರೆ ದಾರಿ ಇಲ್ಲದೆ ಈಗ ಹೇಳಿದಳು. ಅಪ್ಪನ ಮೂಗು ಸತ್ತು ಹನ್ನೊಂದು ವರ್ಷವಾಗಿತ್ತು. ಊರವರು ಕುಡಿದಿದ್ದೆಲ್ಲ ತನ್ನ ನಾಲಿಗೆ ತಾಗಿದ ಹೆಪ್ಪಿನ ಪುಲ್ಕೆ. ಹೆಂಗಸಿನಿಂದ ಒಡೆಯುವುದಾಗಿದ್ದರೆ ಯಾವತ್ತೋ ಒಡೆಯಬೇಕಿತ್ತು. ಗಂಡಸರು ನಕ್ಕರು. ಅವಳು ನನ್ನ ಕಡೆ ಕೈ ತೋರಿಸಿದಳು.

"ಫಿದೆನ್ಸಿಯೋ ನೋಡಿದಾನೆ. ಅವನನ್ನ ಕೇಳಿ."

ಎಲ್ಲರೂ ನನ್ನತ್ತ ತಿರುಗಿದರು. ನನ್ನ ಪಕ್ಕದಲ್ಲಿ ನನ್ನ ಹೆಂಡತಿ, ಅವಳ ತೋಳಲ್ಲಿ ಎರಡು ತಿಂಗಳ ಮಗಳು ಒಟೀಲಿಯಾ. ಮೂರು ವಾರದ ಹಿಂದೆ ಆ ಕೂಸಿಗೆ ದೀಕ್ಷಾಸ್ನಾನವಾದಾಗ ಜ್ಞಾನತಂದೆಯಾಗಿ ಅದನ್ನು ಎತ್ತಿಕೊಂಡು ನಿಂತವನು ಕ್ರಿಸ್ಪೀನ. ಅಂದಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಂಪಾದ್ರೆ. ಒಡಹುಟ್ಟಿದವನ ಜೊತೆ ಜಗಳ ಆಡಬಹುದು, ಕೊಂಪಾದ್ರೆಯ ಮಾತನ್ನು ನಾಲ್ಕು ಜನರ ಮುಂದೆ ಸುಳ್ಳು ಮಾಡುವ ಹಾಗಿಲ್ಲ. ಹಾಗೆ ಮಾಡಿದವನ ಕೂಸಿಗೆ ಆಯುಸ್ಸಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನೀಲಿ ಪೊಟ್ಟಣ ನನ್ನ ಕಣ್ಣ ಮುಂದೆಯೇ ಇತ್ತು.

"ನಾನು ಕತ್ತೆ ಹೊಡೆಯೋನು" ಅಂದೆ. "ಒಳಗಿನ ವಿಷ್ಯ ನಂಗೇನು ಗೊತ್ತು?"

ಜನ ಮತ್ತೆ ನಕ್ಕರು. ಎಲಾದಿಯಾ ನನ್ನನ್ನು ದಿಟ್ಟಿಸಿ ನೋಡಲಿಲ್ಲ, ಶಪಿಸಲಿಲ್ಲ. ಕೈ ಕೆಳಗಿಳಿಸಿ ಸೆರಗಿನ ಹಾಗೆ ಶಾಲನ್ನು ಮುಂದಕ್ಕೆ ಎಳೆದುಕೊಂಡಳು. ಅಂದೇ ಸಂಜೆ ಮೈಲಿಗೆಯಾದ ಹೆಪ್ಪನ್ನೆಲ್ಲ ಗುಂಡಿ ತೋಡಿ ಸುರಿದರು. ಮುತ್ತಜ್ಜನ ಕಾಲದ್ದು. ಗುಂಡಿ ತೋಡಿದವರಲ್ಲಿ ನಾನೂ ಒಬ್ಬ.

ಕ್ರಿಸ್ಪೀನ ಅಕ್ಕನನ್ನು ಮನೆಯಿಂದ ಕಳಿಸಿದ. ಇಗರ್ಜಿಯ ಗೋಡೆಗೆ ಒರಗಿದ ಒಂದು ಕೋಣೆಯಲ್ಲಿ ಹೆಂಚು ಇಟ್ಟುಕೊಂಡು ರೊಟ್ಟಿ ತಟ್ಟಿ ಮಾರತೊಡಗಿದಳು. ಮೊದಮೊದಲು ಪರಊರಿನವರಷ್ಟೇ ಕೊಳ್ಳುತ್ತಿದ್ದರು. ಇತ್ತ ಪುಲ್ಕೆಮನೆ ಏಳಲಿಲ್ಲ. ಕ್ರಿಸ್ಪೀನ ತೊಟ್ಟಿಗಳಿಗೆ ಹೊಸ ತೊಗಲು ಹಾಕಿಸಿದ, ಮೂರು ಊರಿನಿಂದ ಹೆಪ್ಪು ತಂದ. ಯಾವುದಕ್ಕೂ ನಮ್ಮ ನೀರು ಒಗ್ಗಲಿಲ್ಲ, ಪುಲ್ಕೆ ಸಪ್ಪೆ ಬಂತು. ಕುಡಿಯುವವರು ಬಿಯರ್ ಅಂಗಡಿಯ ಕಡೆ ತಿರುಗಿದರು. ವರ್ಷ ತಿರುಗಿ ಶಿಲುಬೆ ಹಬ್ಬ ಹತ್ತಿರ ಬಂದಾಗ ಅವನು ನನ್ನನ್ನು ಕರೆದು, ಅಕ್ಕ ಅಡುಗೆಮನೆಯಲ್ಲಿ ಒಂದು ಭರಣಿ ಇಟ್ಟುಕೊಂಡಿದ್ದಳು, ಅದರಲ್ಲಿ ಅಪ್ಪನ ಹೆಪ್ಪು ಇದ್ದರೂ ಇರಬಹುದು, ಯಾರಿಗೂ ಗೊತ್ತಾಗದ ಹಾಗೆ ಕೇಳಿ ತಾ ಅಂದ. ಸೋಪಿನ ಸಂಗತಿ ಅವನಿಗೆ ಅಷ್ಟರಲ್ಲಿ ಅರ್ಥವಾಗಿತ್ತೆಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ನಾವಿಬ್ಬರೂ ಅದರ ಮಾತೆತ್ತಲಿಲ್ಲ.

ಹೋದಾಗ ಅವಳು ರೊಟ್ಟಿ ಮಗುಚುತ್ತಿದ್ದಳು. ಕೂತುಕೋ ಅನ್ನಲಿಲ್ಲ.

"ಅವ್ನು ಕಳಿಸಿದ್ನಾ, ನೀನೇ ಬಂದ್ಯಾ?"

ಅವನೇ ಕಳಿಸಿದ್ದು ಅಂದೆ. ಅವಳು ಎದ್ದು ಮೂಲೆಯಿಂದ ಭರಣಿ ತಂದು ಮುಚ್ಚಳ ತೆಗೆದಳು. ಅಪ್ಪ ಕಿಟಕಿಯಿಂದ ಕೊಟ್ಟ ಬಟ್ಟಲಿನಲ್ಲಿ ಉಳಿದದ್ದನ್ನು ಸುರಿದು ಬೆಳೆಸಿದ ಹೆಪ್ಪು. ತನ್ನದೇ ಕತ್ತಾಳೆಗಳ ನೀರನ್ನು ಒಂದಾದ ಮೇಲೊಂದರಿಂದ ಉಣಿಸಿ, ಹನ್ನೆರಡು ವರ್ಷ, ಒಲೆಯ ಮಗ್ಗುಲಲ್ಲಿ, ಹೆಂಗಸಿನ ಕೈಯಲ್ಲಿ ಬದುಕಿತ್ತು. ಸಣ್ಣಗೆ ಸೊಯ್ಯೆಂದು ಸದ್ದು ಮಾಡುತ್ತಿತ್ತು. ಆ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು.

"ಅಳಬೇಡ, ಅದರೊಳಗೆ ಬಿದ್ದೀತು" ಅಂದಳು. "ಕೊಡ್ತೀನಿ. ಹಬ್ಬದ ದಿನ ಮೊದಲ್ನೇ ಬಟ್ಟಲು ನೀರು ತರೋರಲ್ಲಿ ಹಿರಿಯನಿಗೆ, ಅಂದ್ರೆ ನಿನಗೆ. ಕುಡಿಯೋಕೆ ಮುಂಚೆ ಟೋಪಿ ತೆಗೆದು, ಇದು ಎಲಾದಿಯಾ ಹೆಪ್ಪು ಅನ್ನು. ಅಷ್ಟು ಸಾಕು. ಸೋಪಿನ ಪುಡಿ ಮಾತು ಎತ್ತಬೇಡ. ಅವನೂ ನಮ್ಮಪ್ಪನ ಮಗಾನೇ."

ಹೆಬ್ಬೆರಳ ಮೇಲೆ ತೋರುಬೆರಳು ಅಡ್ಡ ಇಟ್ಟು ಶಿಲುಬೆ ಮಾಡಿ, ಮುತ್ತಿಟ್ಟು ಆಣೆ ಮಾಡಿದೆ. ಅವಳು ಒಂದು ತಂಬಿಗೆ ತುಂಬಿಸಿ ಕೊಟ್ಟಳು.

ತೊಟ್ಟಿಗಳು ಎದ್ದವು. ಎದ್ದವು ಅಂದರೆ, ನಾಬೋರ್ ಯಜಮಾನರೇ ಎದ್ದು ಬಂದ ಹಾಗೆ. ಹಬ್ಬದ ದಿನ ಅಂಗಳ ಕಾಲಿಡಲು ಜಾಗವಿಲ್ಲದಷ್ಟು ತುಂಬಿತು. ಬಾಗಿಲಿಗೆ ಕಾಗದದ ಹೂವಿನ ಶಿಲುಬೆ, ಪಾದ್ರಿಗಳ ತೀರ್ಥ, ಪಟಾಕಿ. ಎಲಾದಿಯಾ ಬೇಲಿಯ ಹೊರಗೆ ಬಂದು ನಿಂತಿದ್ದಳು. ತಲೆ ಬಾಚಿ, ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ನೀಲಿ ಶಾಲು ಹೊದ್ದಿದ್ದಳು. ಒಂದು ವರ್ಷದಲ್ಲಿ ಅವಳು ಆ ಕಡೆ ಬಂದಿದ್ದು ಅದೇ ಮೊದಲು. ಕೆಲವರು ನೋಡಿ ಗುಸುಗುಸು ಅಂದರು.

ಕ್ರಿಸ್ಪೀನ ಒಂದು ತೋಳಲ್ಲಿ ನನ್ನ ಒಟೀಲಿಯಾಳನ್ನು ಎತ್ತಿಕೊಂಡು, ಇನ್ನೊಂದು ಕೈಯಿಂದ ನನಗೆ ಬಟ್ಟಲು ಕೊಟ್ಟ. ತನ್ನ ಕೊಂಪಾದ್ರೆ ಎರಡು ದಿನ ನಡೆದು ಪರಊರಿನಿಂದ ಈ ಹೆಪ್ಪು ತಂದನೆಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮಗು ಅವನ ಮೀಸೆ ಹಿಡಿದು ಆಡುತ್ತಿತ್ತು. ನಾನು ಟೋಪಿ ತೆಗೆದೆ. ಬೇಲಿಯಾಚೆ ನೀಲಿ ಶಾಲು ಒಂದು ಹೆಜ್ಜೆ ಮುಂದೆ ಬಂತು. ಜನ ಕಾಯುತ್ತಿದ್ದರು. ನಾಲಿಗೆಯ ಮೇಲೆ ಮೂರು ಪದ ಇದ್ದವು, ಮೂರೇ.

ಬಟ್ಟಲನ್ನು ಎತ್ತಿ, ಉಸಿರು ಬಿಡದೆ, ತಳ ಕಾಣುವವರೆಗೂ ಕುಡಿದೆ. ಮೀಸೆ ಒರೆಸಿಕೊಂಡೆ. "ಚೆನ್ನಾಗಿ ಬಂದಿದೆ" ಅಂದೆ. ಪಟಾಕಿ ಹೊಡೆದರು. ತಿರುಗಿ ನೋಡಿದಾಗ ಬೇಲಿಯ ಬಳಿ ಯಾರೂ ಇರಲಿಲ್ಲ.

ವಾರ ಬಿಟ್ಟು ಅವಳ ಕೋಣೆಗೆ ಹೋದೆ. ಸಮಯ ನೋಡಿ ಹೇಳುತ್ತೇನೆ ಅನ್ನಲು ಹೋಗಿದ್ದೆ ಅಂತ ಕಾಣುತ್ತದೆ. ಭರಣಿಯನ್ನು ತೊಳೆದು ಬೇಲಿಯ ಗೂಟಕ್ಕೆ ಬೋರಲು ಹಾಕಿದ್ದಳು. ಒಳಗೆ ಹನಿಯೂ ಇಲ್ಲದೆ ಒಣಗಿತ್ತು. ನಾನು ನೋಡುತ್ತಿರುವುದನ್ನು ಕಂಡು, ಅದಕ್ಕೆ ಇನ್ನು ತಾನು ಉಣಿಸುವುದಿಲ್ಲ, ಊರಿಗೆ ಬೇಕಿದ್ದರೆ ಊರೇ ಉಣಿಸಿಕೊಳ್ಳಲಿ ಎಂದಳು. ಆಮೇಲೆ, ರೊಟ್ಟಿ ಬೇಕಾ, ಎಷ್ಟು ಅಂದಳು. ಗಿರಾಕಿಯನ್ನು ಕೇಳುವ ಹಾಗೆ. ಮುಂದಿನ ಇಪ್ಪತ್ತೇಳು ವರ್ಷ ನನ್ನೊಂದಿಗೆ ಅವಳು ಆಡಿದ್ದು ಅದೊಂದೇ ಮಾತು. ಜನ ಮೆಲ್ಲಗೆ ಅವಳ ರೊಟ್ಟಿ ತಿನ್ನತೊಡಗಿದರು, ಉಕ್ಕಿದ್ದೆಲ್ಲ ಇಳಿದುಹೋಯಿತು. ಯಾಕೆ ಉಕ್ಕಿದ್ದೆವು ಎಂದು ಯಾರಿಗೂ ನೆನಪಿರಲಿಲ್ಲ. ಕ್ಷಮಿಸಿಬಿಟ್ಟಿದ್ದೇವೆ ಎಂದು ಅಂದುಕೊಂಡರು ನಮ್ಮ ಜನ, ಅವಳನ್ನು.

ಎರಡು ವರ್ಷದ ಹಿಂದೆ ಕ್ರಿಸ್ಪೀನ ಸತ್ತ. ಕಳೆದ ತಿಂಗಳು ಎಲಾದಿಯಾ ಹಾಸಿಗೆ ಹಿಡಿದಳು. ನೋಡಲು ಹೋದೆ. ಕೊಂಪಾದ್ರೆ ಈಗಿಲ್ಲ, ನನ್ನ ಮಗಳು ಬದುಕಿ ಬಾಳಿ ಎರಡು ಮಕ್ಕಳ ತಾಯಿಯಾಗಿದ್ದಾಳೆ, ಇನ್ನು ಯಾವ ಅಡ್ಡಿಯೂ ಇಲ್ಲ, ಭಾನುವಾರ ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿಬಿಡುತ್ತೇನೆ ಅಂದೆ.

"ಅಡ್ಡಿ ಇಲ್ದಿದ್ಮೇಲೆ ಹೇಳೋದನ್ನ ಕತ್ತೇನೂ ಹೇಳುತ್ತೆ" ಅಂದಳು. "ನಿನ್ ಹೊಟ್ಟೆ ಹಗುರ ಮಾಡ್ಕೊಳ್ಳೋಕೆ ನನ್ ಹೆಸರು ಎತ್ತಬೇಡ. ಒಳಗೇ ಇರ್ಲಿ. ಕೊಳೀಲಿ."

ಅವಳ ಮಾತನ್ನೂ ನಾನು ಉಳಿಸಿಕೊಳ್ಳಲಿಲ್ಲ. ಒಂಬತ್ತನೆಯ ದಿನದ ಆ ಕಾಫಿ ಕುಡಿದು ಮನೆಗೆ ನಡೆಯುವಾಗ ಒಟೀಲಿಯಾಳಿಗೆ ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಕಿಟಕಿ, ಪೊಟ್ಟಣ, ಬಟ್ಟಲು, ಯಾವುದನ್ನೂ ಬಿಡಲಿಲ್ಲ. ನನಗೆ ನಿಜಕ್ಕೂ ಹಗುರವಾಯಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಈಗ ಕತ್ತೆಯ ಹಿಂದೆ ಓಡುವ ಕಾಲು ನನಗಿಲ್ಲ. ಪುಲ್ಕೆಮನೆ ಕ್ರಿಸ್ಪೀನನ ಮಗನದು. ಪೇಟೆಯ ಜನಕ್ಕೆ ಮತ್ತೆ ಪುಲ್ಕೆಯ ಹುಚ್ಚು ಹತ್ತಿದೆ, ಬಸ್ಸು ಮಾಡಿಕೊಂಡು ಬರುತ್ತಾರೆ. ಹಳೆಯ ಕಾಲದ ಮುಖವೊಂದು ಇರಲಿ ಎಂದು ಅವನು ಬಾಗಿಲ ಬಳಿ ನನಗೊಂದು ಸ್ಟೂಲು ಹಾಕಿಕೊಟ್ಟಿದ್ದಾನೆ, ದಿನಕ್ಕೊಂದು ಚೊಂಬು ಪುಲ್ಕೆ ಕೊಡುತ್ತಾನೆ. ಗಂಡಸರಿಗೆ ಟೋಪಿ ತೆಗೆಯಲು ಹೇಳುವುದು ನನ್ನ ಕೆಲಸ. ಹೆಂಗಸರನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಈ ಹೆಪ್ಪಿಗೆ ಇನ್ನೂರು ವರ್ಷದಿಂದ ಹೆಂಗಸಿನ ಕೈ ಸೋಕಿಲ್ಲ ಎಂದು ಹೇಳುವುದೂ ನನ್ನ ಕೆಲಸವೇ. ಅವರು ನಕ್ಕು ಫೋಟೊ ತೆಗೆದುಕೊಳ್ಳುತ್ತಾರೆ.

ಎಲ್ಲವನ್ನೂ ಹೇಳಿದ ಮಾರನೆಯ ಬೆಳಿಗ್ಗೆ ಒಟೀಲಿಯಾ ಇಲ್ಲಿಗೆ ಬಂದಳು. ಹಿಂದೆ ಬಸ್ಸಿನಿಂದ ಇಳಿದ ಏಳೆಂಟು ಜನ. ಅವಳು ನೇರವಾಗಿ ಬಾಗಿಲಿಗೆ ಬಂದು ನಿಂತಳು.

"ದಾರಿ ಬಿಡಪ್ಪ."

ನನ್ನ ಕೈ ಆಗಲೇ ಬಾಗಿಲಿಗೆ ಅಡ್ಡ ಹೋಗಿತ್ತು. ಹೋಗು ಎಂದು ನಾನು ಹೇಳಿರಲಿಲ್ಲ, ತಾನಾಗಿ ಹೋಗಿತ್ತು. ಹಿತ್ತಲಿಗೆ ಹೋಗಮ್ಮ, ಕಿಟಕಿಯ ಹಲಗೆ ಈಗ ಇಲ್ಲ, ಬಟ್ಟಲನ್ನು ಅಲ್ಲಿಗೇ ಕಳಿಸುತ್ತೇನೆ ಅಂದೆ. ಅವಳು ನನ್ನ ಕೈ ನೋಡಿದಳು.

"ನಿನ್ನೆ ನೀನು ಹೇಳಿದ್ದು ನಿಜಾನಾ?"

"ನಿಜ."

"ಮತ್ತೆ?"

ಬಸ್ಸಿನವರು ಹಿಂದೆ ಕಾಯುತ್ತಿದ್ದರು. ಒಟೀಲಿಯಾ ಶಾಲನ್ನು ಮುಂದಕ್ಕೆ ಎಳೆದುಕೊಂಡು, ಕಿಟಕಿಯ ಕಡೆಯೂ ಹೋಗದೆ, ಬಂದ ದಾರಿಯಲ್ಲೇ ನಡೆದಳು. ಏನು ಗಲಾಟೆ ಅದು ಎಂದು ಒಳಗಿನಿಂದ ಕ್ರಿಸ್ಪೀನನ ಮಗ ಕೇಳಿದ. ಏನಿಲ್ಲ ಅಂದೆ.